ಅಂಗಳಕ್ಕೊಂದು ಹಂದರ

ಕಲಬುರಗಿಯ ಬಿಸಿಲನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ಕಾಣದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ಉಷ್ಣಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಮಧ್ಯಾಹ್ನವಾಗುವ ಮೊದಲೇ ಬೀದಿ ಬರಿದಾಗುತ್ತದೆ. ಅಂಗಳಕ್ಕೆ ಹಾಸಿದ ಶಹಾಬಾದದ ಫರಸಿ ಕಲ್ಲು ಬರಿಗಾಲಿಗೆ ಕೆಂಡವಾಗುತ್ತದೆ. ಸಾಲ ಮಾಡಿ ನಿವೇಶನ ಕೊಂಡು, ಮನೆಯ ಮುಂದೆ ಹತ್ತು ಹನ್ನೆರಡು ಅಡಿ ಜಾಗವನ್ನು ಆಸೆಯಿಂದ ಬಿಟ್ಟುಕೊಂಡ ಗೃಹಸ್ಥನು ಆ ಅಂಗಳವನ್ನು ದಿನಕ್ಕೆ ಏಳೆಂಟು ಗಂಟೆಗಳ ಕಾಲ ಬಾಡಿಗೆಯಿಲ್ಲದೆ ಸೂರ್ಯನಿಗೆ ಬಿಟ್ಟುಕೊಟ್ಟಂತಾಗುತ್ತದೆ.

ಇಂಥ ಮನೆಗಳಲ್ಲಿ ಯುಗಾದಿಯ ಹೊತ್ತಿಗೆ ತಪ್ಪದೆ ಒಂದು ಮಾತು ಏಳುತ್ತದೆ: “ಅಂಗಳಕ್ಕೆ ಏನಾದರೂ ಹೊದಿಸಬೇಕು.” ಮಾತು ಬೆಳೆದು ವೆಲ್ಡಿಂಗ್ ಅಂಗಡಿಯವರೆಗೆ ಹೋಗುತ್ತದೆ. ಎರಡು ದಿನಗಳಲ್ಲಿ ಕಬ್ಬಿಣದ ನಾಲ್ಕು ಕಂಬಗಳೆದ್ದು ಅವುಗಳ ಮೇಲೆ ತಗಡು ಕೂಡುತ್ತದೆ. ಮೂರನೆಯ ದಿನ ಮಧ್ಯಾಹ್ನ ಮನೆಯ ಅಜ್ಜಿ ಸಂಭ್ರಮದಿಂದ ಕುರ್ಚಿ ಹಾಕಿಸಿಕೊಂಡು ಅದರ ಕೆಳಗೆ ಕೂಡುತ್ತಾರೆ. ಹತ್ತು ನಿಮಿಷಕ್ಕೆ ಎದ್ದು ಒಳಗೆ ಹೋಗುತ್ತಾರೆ. ನೆರಳು ಬಿದ್ದಿದೆ, ತಂಪು ಬಂದಿಲ್ಲ. ಹಣವಂತೂ ಹೋಗಿದೆ.

ಎಡವಿದ್ದು ಎಲ್ಲಿ? ಬೇಕಾಗಿದ್ದುದು ಹಂದರ, ಕಟ್ಟಿಸಿದ್ದು ಛಾವಣಿ. ಇವೆರಡೂ ಒಂದೇ ಎಂದು ತಿಳಿದದ್ದರಿಂದಲೇ ಎಷ್ಟೋ ಮನೆಗಳ ಅಂಗಳ ಒಲೆಯಾಗಿದೆ.

ಹಳೆಯ ಮಾತು, ಹಳೆಯ ತಿಳಿವು

ಹಳಗನ್ನಡದ ‘ಪಂದರ್’ ಎಂಬ ಶಬ್ದದ ಪಕಾರವು ಹಕಾರವಾಗಿ ‘ಹಂದರ’ವಾಯಿತು. ತಮಿಳಿನ ‘ಪಂದಲ್’ ಇದರ ಒಡಹುಟ್ಟು. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಚಪ್ಪರವೆನ್ನುತ್ತಾರೆ. ಮದುವೆಗೆ ಹಂದರ, ರಾಮನವಮಿಯ ಪಾನಕ ಕೋಸಂಬರಿಗೆ ಚಪ್ಪರ, ಕರಾವಳಿಯ ಹಿತ್ತಲಲ್ಲಿ ಬಸಳೆಗೆ ಚಪ್ಪರ, ವಿಜಯಪುರದ ತೋಟಗಳಲ್ಲಿ ದ್ರಾಕ್ಷಿಗೆ ಚಪ್ಪರ. ಇವೆಲ್ಲವೂ ಹಗುರವಾದವು, ಗಾಳಿಗೆ ಸಂದು ಬಿಟ್ಟವು. ನೆರಳಿಗಾಗಿ ಹಾಕಿದವು ಕಾಲ ಮುಗಿದೊಡನೆ ಬಿಚ್ಚಿಡುವಂಥವು.

ಮಲೆನಾಡಿನ ಸಾಗರ, ಸಿರ್ಸಿಗಳ ಕಡೆಯ ಅಡಿಕೆ ಬೆಳೆಗಾರರ ಮನೆಯ ಅಂಗಳವನ್ನು ನೆನೆಯಬಹುದು. ಮಳೆಗಾಲ ಮುಗಿದ ಮೇಲೆ ಅಡಿಕೆಮರದ ಕಂಬಗಳನ್ನು ನೆಟ್ಟು, ಅಡಿಕೆಯ ದಬ್ಬೆಗಳನ್ನು ಹಾಸಿ ಚಪ್ಪರ ಕಟ್ಟುತ್ತಾರೆ. ಅದರ ಮೇಲೆ ಅಡಿಕೆ ಒಣಗುತ್ತದೆ. ಕೆಳಗೆ ಮನೆಯವರು ನೆರಳಿನಲ್ಲಿ ಕೆಲಸ ಮಾಡುತ್ತಾರೆ. ಮುಂಗಾರು ಬರುವ ಮುನ್ನ ಎಲ್ಲವನ್ನೂ ಬಿಚ್ಚಿ ಕಟ್ಟಿಡುತ್ತಾರೆ. ಗಟ್ಟಿಯಾದದ್ದನ್ನು ಕಟ್ಟಿಸಲಾರದ ಬಡತನ ಇದಕ್ಕೆ ಕಾರಣವೆಂದು ಭಾವಿಸಬಾರದು. ಬಿಸಿಲಿನ ದಿನಗಳಲ್ಲಿ ಮುಚ್ಚಿ, ಬಿಸಿಲು ಬೇಕಾದಾಗ ತೆರೆಯುವುದೇ ಅಂಗಳದ ಧರ್ಮವೆಂದು ಅವರು ಬಲ್ಲರು. ಈ ತಿಳಿವು ಪಟ್ಟಣದ ಸಿಮೆಂಟಿನ ಮನೆಗೂ ಸಲ್ಲುತ್ತದೆ.

ಹನ್ನೊಂದು ಇಸ್ತ್ರಿಪೆಟ್ಟಿಗೆ

ನಿರ್ಮಲವಾದ ಆಕಾಶದಲ್ಲಿ ನೆತ್ತಿಗೇರಿದ ಸೂರ್ಯನಿಂದ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ಒಂದು ಕಿಲೋವ್ಯಾಟಿನಷ್ಟು ಶಕ್ತಿ ಬಂದು ಬೀಳುತ್ತದೆ. ಅಂದರೆ ೧,೦೦೦ ವ್ಯಾಟಿನ ಒಂದು ಇಸ್ತ್ರಿಪೆಟ್ಟಿಗೆಯ ಕಾವು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಅಂಗಳವೆಂದರೆ ಸುಮಾರು ಹನ್ನೊಂದು ಚದರ ಮೀಟರ್. ಹನ್ನೊಂದು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿ ಮನೆಯ ಬಾಗಿಲ ಮುಂದೆ ಸಾಲಾಗಿ ಇಟ್ಟಂತಾಯಿತು! ಕಲ್ಲು, ಸಿಮೆಂಟು, ಗೋಡೆ ಈ ಕಾವನ್ನು ಹಗಲೆಲ್ಲ ಕುಡಿಯುತ್ತವೆ. ಸಂಜೆಯಾದ ಮೇಲೆ ನಿಧಾನವಾಗಿ ಒಳಕೋಣೆಗೆ ಉಗುಳುತ್ತವೆ. ರಾತ್ರಿ ಹತ್ತಾದರೂ ಗೋಡೆ ಬೆಚ್ಚಗಿರುವುದರ ಗುಟ್ಟು ಇದೇ. ಒಳಗೆ ಬಂದ ಶಾಖವನ್ನು ಪಂಕದಿಂದ ಓಡಿಸುವುದಕ್ಕಿಂತ, ಹೊರಗೇ ಗೋಡೆಗೆ ತಾಗದಂತೆ ತಡೆಯುವುದು ಸುಲಭ, ಖರ್ಚೂ ಕಡಿಮೆ.

ಹಾಗಾದರೆ ತಗಡು ತಡೆಯಲಿಲ್ಲವೇ? ಬೆಳಕನ್ನೇನೋ ತಡೆಯಿತು. ಆದರೆ ತಾನು ಕೈಯಿಡಲಾಗದಷ್ಟು ಕಾದು, ಆ ಕಾವನ್ನು ಕೆಳಗೆ ಕುಳಿತವರ ನೆತ್ತಿಯ ಮೇಲೆ ಸುರಿಯತೊಡಗಿತು. ಅದರಡಿಯಲ್ಲಿ ಬಿಸಿಯಾದ ಗಾಳಿ ಮೇಲೇರಿ, ಗೋಡೆಗೂ ತಗಡಿಗೂ ಕೂಡುವ ಮೂಲೆಯಲ್ಲಿ ದಾರಿ ಕಾಣದೆ ನಿಂತಿತು. ರಾತ್ರಿಯಾದರೂ ಸುಖವುಂಟೆ? ಬಯಲಾಗಿದ್ದಾಗ ಅಂಗಳದ ಕಲ್ಲು ತನ್ನ ಕಾವನ್ನು ಆಕಾಶಕ್ಕೆ ಚೆಲ್ಲಿ ತಣಿಯುತ್ತಿತ್ತು. ಬಿಸಿಲುಸೀಮೆಯ ಜನ ಬೇಸಗೆಯಲ್ಲಿ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುವ ವಾಡಿಕೆ ಬೆಳೆದದ್ದು ಈ ತಂಪಿನ ಆಸೆಗೆ. ನಡುವೆ ಹೊದಿಕೆ ಅಡ್ಡ ನಿಂತರೆ ತಣಿಯುವುದು ತಡವಾಗುತ್ತದೆ. ಹಗಲು ಮುಚ್ಚಿ ರಾತ್ರಿ ತೆರೆಯುವಂಥ ಹೊದಿಕೆಯೇ ಅಂಗಳಕ್ಕೆ ಉತ್ತಮವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸೂರ್ಯ ನಡೆಯುವ ದಾರಿ

ಹಂದರ ಹಾಕುವ ಮೊದಲು ಮನೆಯ ಯಜಮಾನನು ಬಡಗಿಯನ್ನಲ್ಲ, ಸೂರ್ಯನನ್ನು ವಿಚಾರಿಸಬೇಕು. ನಮ್ಮ ನಾಡಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ೨೪ ಹಾಗೂ ಆಗಸ್ಟ್ ೧೮ರ ಸುಮಾರಿಗೆ, ಕಲಬುರಗಿಯಲ್ಲಿ ಮೇ ೧೦ ಹಾಗೂ ಆಗಸ್ಟ್ ೩ರ ಸುಮಾರಿಗೆ ನಟ್ಟನಡು ಹಗಲಿನಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಗೋಡೆಗೆ ಬಿಸಿಲಿನ ಭಯವಿಲ್ಲವೆಂದು ಹೇಳುವವರು ಈ ಮಾತನ್ನು ಮರೆಯಬಾರದು.

ದಕ್ಷಿಣದ ಅಂಗಳಕ್ಕೆ ಹಂದರ ಹಾಕುವವರು ಭಾಗ್ಯವಂತರು. ಹೊರ ಅಂಚು ಎಂಟಡಿ ಎತ್ತರ, ಅಗಲ ಹತ್ತಡಿ ಎಂದಿಟ್ಟುಕೊಳ್ಳೋಣ. ಬೇಸಗೆಯ ನಡುಹಗಲಿನ ಬಿಸಿಲು ಮೇಲಿನಿಂದಲೇ ಬೀಳುವುದರಿಂದ ಒಳಗೆ ನುಸುಳಲಾರದು. ಡಿಸೆಂಬರಿನಲ್ಲಾದರೋ ಕಲಬುರಗಿಯ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಬಾಗಿ ಸುಮಾರು ೪೯ ಡಿಗ್ರಿ ಎತ್ತರದಲ್ಲಿರುತ್ತಾನೆ. ಅವನ ಕಿರಣ ಅದೇ ಹಂದರದ ಕೆಳಗೆ ಏಳಡಿಯಷ್ಟು ಒಳಕ್ಕೆ ಬರುತ್ತದೆ. ಚಳಿಯಲ್ಲಿ ಎಳೆಗೂಸಿಗೂ ಮುದುಕರಿಗೂ ಬಿಸಿಲು, ಬೇಸಗೆಯಲ್ಲಿ ನೆರಳು. ಒಂದೇ ಹಂದರದಿಂದ ಎರಡು ಲಾಭ.

ಪಶ್ಚಿಮದ ಅಂಗಳದ ಪಾಡು ಬೇರೆ. ಅದೇ ಅಳತೆಯ ಹಂದರವಿದ್ದರೂ ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಒಳನುಗ್ಗಿ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಐದು ಗಂಟೆಗೆ ಅದು ಮೂರೂವರೆ ಅಡಿ ಮೇಲೇರಿ ಕಿಟಕಿಯ ಹೊಸ್ತಿಲನ್ನು ಮುಟ್ಟುತ್ತದೆ. ಇಲ್ಲಿ ಹಂದರವನ್ನು ಎಷ್ಟು ಅಗಲ ಮಾಡಿದರೂ ಹಣ ವ್ಯರ್ಥ. ಬೇಕಾದದ್ದು ಹೊರ ಅಂಚಿನಿಂದ ಇಳಿಬಿಡುವ ಬಿದಿರಿನ ತಟ್ಟಿ. ಮಧ್ಯಾಹ್ನ ಮೂರಕ್ಕೆ ಇಳಿಸಿ, ಸೂರ್ಯ ಮುಳುಗಿದ ಮೇಲೆ ಸುರುಳಿ ಸುತ್ತಿ ಏರಿಸಿದರಾಯಿತು. ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರೆ ರಾಯಚೂರು, ಕಲಬುರಗಿಗಳ ಒಣಗಾಳಿ ಅದರೊಳಗಿಂದ ತಂಪಾಗಿ, ಪರಿಮಳವಾಗಿ ಬರುತ್ತದೆ. ಮಂಗಳೂರಿನವರು ಇದನ್ನು ಅನುಸರಿಸಿದರೆ ಪರಿಮಳವಷ್ಟೇ ದಕ್ಕೀತು. ಅಲ್ಲಿನ ಗಾಳಿಯೇ ನೀರಿನಿಂದ ತುಂಬಿರುವಾಗ ತಟ್ಟಿಯ ನೀರು ಆರುವುದೆಲ್ಲಿಗೆ? ಕರಾವಳಿಯ ಅಂಗಳಕ್ಕೆ ತಟ್ಟಿಗಿಂತ ಗಾಳಿಯ ಓಡಾಟವೇ ಮುಖ್ಯ.

ಮೇಲೆ ಹೊದಿಸುವುದೇನನ್ನು?

ಹೆಣೆದ ತೆಂಗಿನ ಗರಿ, ಅಡಿಕೆಯ ಸೋಗೆ, ಬಿದಿರಿನ ಚಾಪೆ ಇವು ತಾವು ಹೆಚ್ಚು ಕಾಯುವುದಿಲ್ಲ. ಸಂದುಗಳಿಂದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತವೆ. ಆದರೆ ಆಗಾಗ ಹೊಸದಾಗಿ ಹೊದಿಸಬೇಕು, ಬೆಂಕಿಯಿಂದ ಕಾಪಾಡಬೇಕು. ಅಡಿಗೆಮನೆಯ ಪಕ್ಕದಲ್ಲಿ, ವಿದ್ಯುತ್ತಿನ ತಂತಿಯ ಕೆಳಗೆ ಇವು ಸಲ್ಲವು.

ಮಂಗಳೂರು ಹೆಂಚಿನ ಕೀರ್ತಿ ದೊಡ್ಡದು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ನಾಡಿನ ಮೂಲೆ ಮೂಲೆಗೆ ಹಬ್ಬಿತು. ಹೆಂಚುಗಳ ಸಂದಿನಲ್ಲಿ ಗಾಳಿ ನುಸುಳುತ್ತದೆ. ಆದರೆ ಭಾರ ಹೆಚ್ಚು. ಕಂಬ, ತೊಲೆಗಳು ಗಟ್ಟಿಯಾಗಿರಬೇಕು, ಬಿಚ್ಚಿಡುವ ಮಾತಿಲ್ಲ.

ತೋಟಗಾರಿಕೆಯ ಅಂಗಡಿಗಳಲ್ಲಿ ಸಿಗುವ ನೆರಳುಬಲೆ ಈಗಿನ ಕಾಲದ ಸೋಗೆ ಎನ್ನಬಹುದು. ಶೇಕಡಾ ೫೦, ೭೫, ೯೦ರಷ್ಟು ಬಿಸಿಲು ತಡೆಯುವ ಬಗೆಗಳಿವೆ. ಬೆಲೆ ಅಗ್ಗ, ತೂಕ ಹಗುರ, ಮಡಚಿಡಬಹುದು. ಮೇಲೆ ಬಲೆ, ಅದರ ಕೆಳಗೆ ಒಂದು ಗೇಣು ಸಂದು ಬಿಟ್ಟು ಬಿದಿರಿನ ಚಾಪೆ ಕಟ್ಟಿದರೆ ಬಲೆಯ ಕಾವು ಚಾಪೆಯವರೆಗೆ ಬರುವ ಮೊದಲೇ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಪಾರದರ್ಶಕವಾದ ಪಾಲಿಕಾರ್ಬೊನೇಟ್ ಹಾಳೆ ನೋಟಕ್ಕೆ ಚೆನ್ನ. ಆದರೆ ಅದು ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡದೆ ಅಂಗಳವನ್ನು ಗಾಜಿನ ಮನೆಯಾಗಿಸುತ್ತದೆ.

ಕಲ್ನಾರಿನ, ಎಂದರೆ ಆಸ್ಬೆಸ್ಟಾಸ್ ಹಾಳೆಯ ವಿಷಯದಲ್ಲಿ ಮಾತ್ರ ತಂಪಿಗಿಂತ ದೊಡ್ಡ ಪ್ರಶ್ನೆಯಿದೆ. ಅದರ ಸೂಕ್ಷ್ಮವಾದ ನಾರು ಉಸಿರಿನೊಡನೆ ಒಳಹೊಕ್ಕರೆ ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಇದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ೨೦೦೫ರಿಂದ ಇದಕ್ಕೆ ನಿಷೇಧವಿದೆ. ಮಕ್ಕಳು ಆಡುವ ಅಂಗಳದ ಮೇಲೆ ಇದು ಬೇಡ. ಹಳೆಯದು ಇದ್ದರೆ ಅದನ್ನು ಗರಗಸದಿಂದ ಕೊಯ್ಯುವುದಾಗಲಿ, ಒಡೆಯುವುದಾಗಲಿ, ಉಜ್ಜಿ ತೊಳೆಯುವುದಾಗಲಿ ಸರ್ವಥಾ ಕೂಡದು.

ಈಗಾಗಲೇ ಲೋಹದ ತಗಡು ಹಾಕಿಸಿದವರು ಎದೆಗುಂದಬೇಕಿಲ್ಲ. ಮೇಲ್ಮೈಗೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ಕೆಳಗೆ ಒಂದು ಗೇಣು ಬಿಟ್ಟು ಚಾಪೆ ಕಟ್ಟಬೇಕು; ಗೋಡೆಯ ಬದಿಯಲ್ಲಿ ಬಿಸಿಗಾಳಿ ಹೊರಹೋಗಲು ಒಂದು ಗೇಣು ಸಂದು ಬಿಡಿಸಬೇಕು. ಮುನಿದು ಒಳಗೆ ಹೋದ ಅಜ್ಜಿ ಮತ್ತೆ ಹೊರಗೆ ಬರುವುದಕ್ಕೆ ಇಷ್ಟು ಸಾಕಾದೀತು.

ಎಲ್ಲಕ್ಕಿಂತ ಜಾಣ ಹೊದಿಕೆಯೆಂದರೆ ಬಳ್ಳಿ. ಎಲೆ ತನ್ನೊಳಗಿನ ನೀರನ್ನು ಆವಿಯಾಗಿಸುತ್ತ ತಣ್ಣಗಿರುವುದರಿಂದ ತಗಡಿನಂತೆ ಕಾದು ಶಾಖ ಸುರಿಯುವುದಿಲ್ಲ. ಹೀರೆ, ಸೋರೆ, ಚಪ್ಪರದವರೆಗಳು ನೆರಳಿನ ಜೊತೆಗೆ ಪಲ್ಯಕ್ಕೂ ಒದಗುತ್ತವೆ. ಬೇಸಗೆಗೆ ನೆರಳು ಬೇಕಾದವರು ಬೀಜವನ್ನು ಸಂಕ್ರಾಂತಿಯ ಹೊತ್ತಿಗೇ ಊರಬೇಕು. ಬೆವರು ಸುರಿದಾಗ ಬೀಜ ನೆನೆದರೆ ಫಲವಿಲ್ಲ. ದ್ರಾಕ್ಷಿಯ ಆಸೆಯುಳ್ಳವರು ಒಂದು ಸಂಗತಿ ತಿಳಿದಿರಲಿ: ವಿಜಯಪುರದ ಕಡೆ ಬಳ್ಳಿಯನ್ನು ಏಪ್ರಿಲ್‌ನಲ್ಲೇ ಸವರುತ್ತಾರೆ, ಹಾಗೆ ಮಾಡಿದರೆ ನೆರಳು ಅತ್ಯಂತ ಬೇಕಾದ ದಿನಗಳಲ್ಲೇ ಹಂದರ ಬೋಳಾಗಿರುತ್ತದೆ.

ಗಾಳಿಗೂ ಲೆಕ್ಕ ಕೊಡಬೇಕು

ಬಿಸಿಲಿಗೆ ಕಟ್ಟಿದ್ದನ್ನು ಕೆಡವುವುದು ಬಹುಶಃ ಗಾಳಿ. ಭರಣಿ, ಕೃತ್ತಿಕೆಯ ಮಳೆಗಳು ಗುಡುಗು ಬಿರುಗಾಳಿಗಳ ಜೊತೆಗೇ ಬರುತ್ತವೆ. ಮೂರು ಕಡೆ ತೆರೆದ ಹೊದಿಕೆಯ ಕೆಳಗೆ ಗಾಳಿ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ತಗಡು ಕಿತ್ತು ಹಾರಿದರೆ ಅದು ಬೀಸಿದ ಕತ್ತಿ. ಆದ್ದರಿಂದ ಕಂಬಗಳನ್ನು ನೆಲದ ಮೇಲೆ ನಿಲ್ಲಿಸದೆ ಕಾಂಕ್ರೀಟಿನಲ್ಲಿ ಹೂಳಬೇಕು. ತಗಡನ್ನು ಮೊಳೆಯಿಂದಲ್ಲ, ಕೊಕ್ಕೆಯ ಬೋಲ್ಟಿನಿಂದ ಬಿಗಿಯಬೇಕು. ಬಲೆ, ಚಾಪೆಗಳ ಹಂದರದವರಿಗೆ ಈ ಚಿಂತೆ ಕಡಿಮೆ: ಮೋಡ ಕಂಡೊಡನೆ ಬಾವಿಯ ರಾಟೆಯಂಥದೊಂದು ರಾಟೆಯ ಮೇಲೆ ಹಗ್ಗ ಎಳೆದು ಸುರುಳಿ ಸುತ್ತಿದರೆ ಮುಗಿಯಿತು. ಇಳಿಜಾರಿನ ನೀರು ನೆರೆಮನೆಯ ಅಂಗಳಕ್ಕೆ ಬೀಳದಂತೆ ನೋಡಿಕೊಳ್ಳುವುದೂ ಅಗತ್ಯ. ಬಿಸಿಲಿನ ತಾಪಕ್ಕಿಂತ ನೆರೆಯವರ ತಾಪ ದೀರ್ಘಕಾಲದ್ದು. ಖಾಯಂ ಕಟ್ಟಡವಾದರೆ ನಗರಸಭೆಯ ನಿಯಮಗಳನ್ನು ಮೊದಲೇ ವಿಚಾರಿಸುವುದು ಲೇಸು.

ಮನೆಯಲ್ಲಿ ಹಗಲೆಲ್ಲ ಇರುವವರು ಯಾರು? ಕಚೇರಿಗೆ ಹೋಗುವ ಯಜಮಾನನಲ್ಲ. ಮುದುಕರು, ಗೃಹಿಣಿಯರು, ಬೇಸಗೆಯ ರಜೆಯ ಮಕ್ಕಳು, ಮನೆಗೆಲಸದ ಹೆಣ್ಣುಮಗಳು. ವಯಸ್ಸಾದವರಿಗೂ ಕೂಸುಗಳಿಗೂ ಬಿಸಿಲಿನ ಆಘಾತ ಪ್ರಾಣಕ್ಕೇ ಎರವಾಗಬಹುದು. ಅಂಗಳದ ಹಂದರ ಮನೆಯ ಅಲಂಕಾರವಲ್ಲ, ಇವರ ರಕ್ಷೆ.

ನಮ್ಮ ಹಿರಿಯರು ಬೇಸಗೆಯಲ್ಲಿ ದಾರಿಯ ಬದಿಗೆ ಸೋಗೆಯ ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಹರವಿಯಿಟ್ಟು ಅರವಟಿಗೆ ನಡೆಸುತ್ತಿದ್ದರು. ನೆರಳೂ ನೀರೂ ಜೊತೆಯಾಗಿರಬೇಕೆಂಬುದು ಅವರ ಮತ. ಇಂದಿನ ಅಂಗಳದ ಹಂದರದಡಿಯಲ್ಲೂ ಒಂದು ಹರವಿಗೆ ಜಾಗವುಂಟು. ಕಾಗದ ತರುವ ಅಂಚೆಯವನು, ಸೊಪ್ಪು ಮಾರುವಾಕೆ ಅಲ್ಲಿ ಒಂದು ಗಳಿಗೆ ನಿಂತು ನೀರು ಕುಡಿದು ಹೋದರೆ, ಆ ಹಂದರಕ್ಕೆ ಹಾಕಿದ ಹಣ ಸಾರ್ಥಕವಾಯಿತೆನ್ನಬಹುದು.