ಓಟಗಾರನ ಮಂಡಿನೋವು

ಸೈನ್ಯಕ್ಕೆ ಸೇರಬಯಸುವ ತರುಣನು ಭರ್ತಿಯ ದಿನ 1.6 ಕಿಲೋಮೀಟರು ಓಡಿ ತೋರಿಸಬೇಕು. ಅದುವರೆಗೆ ಓಡಿಯೇ ಅರಿಯದವನು ಪ್ರಕಟಣೆ ಬಂದೊಡನೆ ಎಚ್ಚೆತ್ತು, ದಿನಕ್ಕೆ ನಾಲ್ಕೈದು ಕಿಲೋಮೀಟರು ಓಡತೊಡಗುವುದನ್ನು ನಮ್ಮ ಊರುಗಳ ಮೈದಾನಗಳಲ್ಲಿ ಕಾಣಬಹುದು. ಎರಡು ಮೂರು ವಾರಗಳಲ್ಲಿ ಮಂಡಿಚಿಪ್ಪಿನ ಸುತ್ತ ನೋವು ಹುಟ್ಟುತ್ತದೆ. ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕುಳಿತಾಗ, ಸಿನಿಮಾ ಮುಗಿದು ಮೇಲೇಳುವಾಗ ಅದು ಹೆಚ್ಚುವುದು. ಕೀಲು ಸವೆದೇಹೋಯಿತೆಂದು ಹೆದರಿ ಓಟವನ್ನು ಬಿಟ್ಟರೆ ಉದ್ಯೋಗವೂ ಕೈತಪ್ಪಿತು. ಈ ಹೆದರಿಕೆಗೆ ಆಧಾರವುಂಟೆ?

ಮಂಡಿಚಿಪ್ಪು ಒಂದು ವಿಚಿತ್ರವಾದ ಎಲುಬು. ತೊಡೆಯ ಮುಂಭಾಗದ ಸ್ನಾಯುಗಳು ಕೊನೆಗೊಳ್ಳುವ ರಜ್ಜುವಿನಲ್ಲಿಯೇ ಅದು ಹುದುಗಿದೆ. ಬಾವಿಯ ರಾಟೆಯು ಹಗ್ಗಕ್ಕೆ ಮಾಡುವ ಉಪಕಾರವನ್ನು ಅದು ಆ ರಜ್ಜುವಿಗೆ ಮಾಡುತ್ತದೆ; ರಜ್ಜುವನ್ನು ಕೀಲಿನಿಂದ ಮುಂದಕ್ಕೆ ಎತ್ತಿಹಿಡಿದು ಸ್ನಾಯುವಿನ ಎಳೆತವು ಹೆಚ್ಚು ಫಲಿಸುವಂತೆ ನೋಡಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಭಾರ ಹೊತ್ತ ಮಂಡಿಯು ಬಗ್ಗಿದಂತೆಲ್ಲ ಚಿಪ್ಪು ತೊಡೆಯೆಲುಬಿಗೆ ಬಲವಾಗಿ ಒತ್ತಲ್ಪಡುವುದು. ಓಡುವಾಗ ಪ್ರತಿ ಹೆಜ್ಜೆಗೂ ನೆಲವು ಪಾದವನ್ನು ದೇಹತೂಕದ ಎರಡು ಮೂರು ಪಟ್ಟು ಬಲದಿಂದ ಮೇಲಕ್ಕೊತ್ತುತ್ತದೆ. ಹೆಜ್ಜೆಗೆ 1 ಮೀಟರೆಂದು ಹಿಡಿದರೂ ಒಂದು ಕಿಲೋಮೀಟರಿನಲ್ಲಿ ಒಂದೊಂದು ಮಂಡಿಯೂ 500 ಸಲ ಈ ಹೊರೆಯನ್ನು ತಾಳಬೇಕಷ್ಟೆ.

ಹಾಗಾದರೆ ನೋಯುವುದು ಯಾವುದು? ಚಿಪ್ಪಿನ ಒಳಮೈಯನ್ನು ಹೊದ್ದಿರುವ ಮೃದ್ವಸ್ಥಿಯು ಮೆತ್ತಗಾಗುವುದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ! ಅಮೆರಿಕದ ಮೂಳೆವೈದ್ಯ ಸ್ಕಾಟ್ ಡೈ ಎಂಬುವರು ಈ ಪ್ರಶ್ನೆಯನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಕೀಲಿನೊಳಗೆ ಅರಿವಳಿಕೆ ಹಾಕಿಸಿಕೊಳ್ಳದೆ, ಎಚ್ಚರವಾಗಿದ್ದುಕೊಂಡು, ಮಂಡಿಯೊಳಗಿನ ಒಂದೊಂದು ಭಾಗವನ್ನೂ ಸಲಾಕೆಯಿಂದ ಮುಟ್ಟಿಸಿಕೊಂಡರು. (ಇಂಥ ಪ್ರಯೋಗಕ್ಕೆ ಎಷ್ಟು ಮಂದಿ ಒಪ್ಪಿಯಾರು?) ಫಲಿತಾಂಶವು 1998ರಲ್ಲಿ ಪ್ರಕಟವಾಯಿತು. ಚಿಪ್ಪಿನ ಮೃದ್ವಸ್ಥಿಯನ್ನು ಮುಟ್ಟಿದಾಗ ನೋವಿಲ್ಲ. ಕೀಲಿನ ಒಳಪೊರೆಯನ್ನೂ ಚಿಪ್ಪಿನ ಕೆಳಗಣ ಕೊಬ್ಬಿನ ದಿಂಬನ್ನೂ ಮುಟ್ಟಿದಾಗ ಮಾತ್ರ ಅಸಾಧ್ಯ ನೋವು.

ಆದ್ದರಿಂದ ನೋವೆಂದರೆ ಸವೆತವೆಂದೇ ಅರ್ಥವಲ್ಲ. ಅಭ್ಯಾಸವಿಲ್ಲದ ಹೊರೆಯಿಂದ ಕೆರಳಿದ ಭಾಗಗಳ ದೂರು ಅದಾಗಿರಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ಪರಿಶೀಲನೆಯಲ್ಲಿ ಸೊಂಟ ಮತ್ತು ಮಂಡಿಗಳ ಸಂಧಿವಾತವು ಹವ್ಯಾಸಿ ಓಟಗಾರರಲ್ಲಿ ಶೇಕಡಾ 3.5ರಷ್ಟೂ, ಓಡದೆ ಕುಳಿತವರಲ್ಲಿ 10.2ರಷ್ಟೂ ಕಂಡುಬಂದಿತು. ಸ್ಪರ್ಧೆಗಳಲ್ಲಿ ಓಡುವವರಲ್ಲಿ ಅದು 13.3 ಇದ್ದುದನ್ನೂ ನಾವು ಮರೆಮಾಚಬಾರದು.

ಹಾಗೆಂದು ನೋವನ್ನು ಹಲ್ಲುಕಚ್ಚಿ ಸಹಿಸಿ ಓಡುವುದು ಶೌರ್ಯವಲ್ಲ. ದೂರವನ್ನು ತಗ್ಗಿಸಬೇಕು, ಇಳಿಜಾರನ್ನು ಕೆಲಕಾಲ ಬಿಡಬೇಕು. ಓಡುವಾಗ ತೋರುವ ಅಲ್ಪ ನೋವು ಮರುದಿನ ಬೆಳಗಿನೊಳಗೆ ಶಮನವಾದರೆ ಅಷ್ಟು ಓಟವನ್ನು ಮಂಡಿ ತಾಳಿತೆಂದು ತಿಳಿದು, ಮುಂದಿನ ವಾರ ಸ್ವಲ್ಪ ಹೆಚ್ಚಿಸಬಹುದು. ಹೆಜ್ಜೆಯ ವಿಚಾರ ಇನ್ನೂ ಸ್ವಾರಸ್ಯವಾದುದು. ವೇಗವನ್ನು ಬದಲಿಸದೆ ಹೆಜ್ಜೆಗಳನ್ನು ಗಿಡ್ಡವಾಗಿಸಿ, ನಿಮಿಷಕ್ಕೆ ಅವುಗಳ ಸಂಖ್ಯೆಯನ್ನು ಶೇಕಡಾ 10ರಷ್ಟು ಹೆಚ್ಚಿಸಿದಾಗ ಮಂಡಿಯು ಹೀರಬೇಕಾದ ಶಕ್ತಿಯು ಸುಮಾರು ಮೂರನೆಯ ಒಂದು ಭಾಗ ಇಳಿಯಿತೆಂದು 2011ರ ಅಧ್ಯಯನವೊಂದು ತೋರಿಸಿತು. ಕಾಸು ಖರ್ಚಿಲ್ಲದ ಉಪಾಯ! ಇದರೊಡನೆ ತೊಡೆಯ ಮತ್ತು ಸೊಂಟದ ಪಕ್ಕದ ಸ್ನಾಯುಗಳನ್ನು ಬಲಪಡಿಸತಕ್ಕದ್ದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ಮನೆಯಲ್ಲಿಯೇ ಮಾಡಬಹುದು.

ಪ್ರೌಢಶಾಲೆಯ ಓದುಗರಲ್ಲಿ ಕೆಲವರಿಗೆ ನೋವು ಚಿಪ್ಪಿನ ಕೆಳಗೆ, ಎಲುಬು ಉಬ್ಬಿದ ಜಾಗದಲ್ಲಿರುವುದು. 1903ರಲ್ಲಿ ಬಾಸ್ಟನ್ನಿನ ಆಸ್‌ಗುಡ್ ಮತ್ತು ಜೂರಿಚ್‌ನ ಶ್ಲಾಟರ್ ಬೇರೆ ಬೇರೆಯಾಗಿ ವರ್ಣಿಸಿದ ತೊಂದರೆಯಿದು. ಬೆಳೆಯುತ್ತಿರುವ ಎಲುಬನ್ನು ರಜ್ಜುವು ಮತ್ತೆ ಮತ್ತೆ ಜಗ್ಗುವುದೇ ಇದಕ್ಕೆ ಕಾರಣ. ಬೆಳವಣಿಗೆ ಮುಗಿದಾಗ ನೋವು ಸಾಮಾನ್ಯವಾಗಿ ತಾನಾಗಿ ಅಡಗುವುದು. ಆದರೆ ಮಂಡಿ ಊದಿಕೊಂಡರೆ, ಮಡಿಸಲಾಗದಂತೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ರಾತ್ರಿ ನಿದ್ರೆಗೆಡಿಸುವಷ್ಟು ನೋಯುತ್ತಿದ್ದರೆ ಅಥವಾ ಜ್ವರವೂ ಜೊತೆಗೂಡಿದರೆ, ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.