ರೋಗಿ ಅಂದ್ರೆ ಅಕ್ಕಿಮೂಟೆ ಅಲ್ಲ

ಮೊನ್ನೆ ರಾತ್ರಿಪಾಳಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಮಂಚದಲ್ಲಿ ಕೆಳಗೆ ಜಾರಿದ್ದ ಅಜ್ಜನ ಕಂಕುಳಿಗೆ ಕೈಹಾಕಿ ಮೇಲೆಳೆಯೋಕೆ ಹೊರಟಳು. "ತಡಿ, ತಡಿ" ಅಂತ ಓಡಿದೆ. ಹನ್ನೊಂದು ವರ್ಷದ ಹಿಂದೆ ಇಲ್ಲೇ ಇಂಗ್ಲೆಂಡಿನಲ್ಲಿ ಹಾಗೇ ಎಳೆಯಲು ಹೋಗಿ ನಾನು ಆರು ವಾರ ರಜೆ ಹಾಕಿದ್ದೆ. ಸೊಂಟ 'ಕಟಕ್' ಅಂದಿದ್ದು ಇನ್ನೂ ನೆನಪಿದೆ.

ಆಗ ನಾನಂದುಕೊಂಡಿದ್ದು, ತಪ್ಪು ನನ್ನದೇ ಅಂತ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಬೇಕಿತ್ತು ಅಂತ. ಊರಿನ ನರ್ಸಿಂಗ್ ಕಾಲೇಜಿನಲ್ಲಿ ಕಲಿಸಿದ್ದೂ ಅದನ್ನೇ. ಆದರೆ ರೋಗಿ ಅಂದ್ರೆ ಅಕ್ಕಿಮೂಟೆ ಅಲ್ವಲ್ಲ! ಮೂಟೆಯನ್ನ ಮೈಗೆ ಒತ್ತಿಕೊಂಡು ಎತ್ತಬಹುದು. ರೋಗಿ ಇರೋದು ಮಂಚದ ಮಧ್ಯೆ; ನಾವು ಬಗ್ಗಿ, ಕೈಚಾಚಿ, ಸೊಂಟ ತಿರುಚಿ ಹಿಡೀಬೇಕು. ಅವರು ಹೆದರಿ ನಮ್ಮ ಕೊರಳಿಗೆ ಜೋತುಬಿದ್ರೆ ಮುಗೀತು ಕತೆ.

ಅಮೆರಿಕದ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ: ರೋಗಿಯನ್ನು ಕೈಯಲ್ಲಿ ಎತ್ತುವಾಗ 35 ಪೌಂಡ್, ಅಂದ್ರೆ ಸುಮಾರು 16 ಕೆಜಿ ದಾಟಬಾರದು. ಅದೂ ಎಲ್ಲಾ ಅನುಕೂಲವಾಗಿದ್ದರೆ. 100 ಕೆಜಿ ಮನುಷ್ಯನ ಒಂದು ಕಾಲೇ ಹೆಚ್ಚುಕಮ್ಮಿ ಅಷ್ಟು ತೂಗುತ್ತೆ!

ಬ್ರಿಟನ್ನಿನ 1992ರ ನಿಯಮ ಹೇಳೋದು ಸರಳ. ಅಪಾಯದ ಎತ್ತಾಟವನ್ನು ಆದಷ್ಟು ತಪ್ಪಿಸಿ. ಆಗದಿದ್ದರೆ ಮೊದಲೇ ಅಂದಾಜು ಮಾಡಿ, ಅಪಾಯ ತಗ್ಗಿಸಿ. ಅಂದ್ರೆ ಮಂಚವನ್ನ ನಮ್ಮ ಸೊಂಟದ ಮಟ್ಟಕ್ಕೆ ಏರಿಸೋದು. ರೋಗಿಯ ಕೆಳಗೆ ನುಣುಪಾದ ಸ್ಲೈಡ್ ಶೀಟ್ ಹಾಸಿ ಇಬ್ಬರು ಸೇರಿ ಸರಿಸೋದು. ಕಾಲೂರಲಾಗದವರಿಗೆ ಹಾಯ್ಸ್ಟ್. ಐದು ನಿಮಿಷ ಜಾಸ್ತಿ ಹಿಡಿಯುತ್ತೆ, ನಿಜ. ಆ ಐದು ನಿಮಿಷ ಉಳಿಸಲು ಹೋಗಿಯೇ ನಾನು ಆರು ವಾರ ಕಳ್ಕೊಂಡಿದ್ದು.

ಕಳೆದ ಸಲ ಊರಿಗೆ ಹೋದಾಗ, ಲಕ್ವ ಹೊಡೆದ ಅಪ್ಪನನ್ನ ಅಮ್ಮ ತಗ್ಗು ದಿವಾನದಿಂದ ಎಬ್ಬಿಸೋದು ನೋಡಿ ಎದೆ ಝಲ್ಲೆಂದಿತು. ನನ್ನದೇ ಹಳೇ ಭಂಗಿ! "ಗಂಡನ್ನ ಎಬ್ಬಿಸೋಕೂ ಮಿಷಿನ್ ಬೇಕಾ?" ಅಂತ ನಕ್ಕಳು. ನಾನು ಕೇಳಲಿಲ್ಲ, ಎತ್ತರಿಸೋ ಮಂಚ ಬಾಡಿಗೆಗೆ ತರಿಸಿದೆ. ಈಗ ಫೋನಿನಲ್ಲಿ ಅಪ್ಪನ ಆರೋಗ್ಯದ ಜೊತೆ ಅಮ್ಮನ ಸೊಂಟವನ್ನೂ ವಿಚಾರಿಸ್ತೀನಿ.

ಅಂದಹಾಗೆ, ಆ ಅಜ್ಜ... ಶೀಟ್ ತಂದು ಇಬ್ಬರೂ ಸರಿಸಿದೆವು, ಬೆಣ್ಣೆಯ ಹಾಗೆ ಮೇಲೆ ಬಂದರು. "ಇಷ್ಟೇನಾ?" ಅಂದಳು ಹುಡುಗಿ.

ಇಷ್ಟೇ!

ನಿಮ್ಮ ಮನೇಲೂ ಯಾರನ್ನಾದ್ರೂ ದಿನಾ ಎತ್ತಿ ಕೂರಿಸೋರು ಇದ್ದಾರಾ? ಅವರ ಬೆನ್ನು ಹೇಗಿದೆ ಅಂತ ಒಮ್ಮೆ ಕೇಳಿ.