ಏಕೆಂದು ಹೇಳದ ಸೆರೆ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಇಂದು ಫ್ರೀಡಂ ಪಾರ್ಕ್ ಎನಿಸಿಕೊಂಡಿರುವ ಆವರಣವು ಹಿಂದೆ ಸೆಂಟ್ರಲ್ ಜೈಲಾಗಿದ್ದಿತು. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ, ಈ ನಾಲ್ವರು ಪಾರ್ಲಿಮೆಂಟು ಸದಸ್ಯರನ್ನು ಪೊಲೀಸರು ಬೆಂಗಳೂರಿನಲ್ಲಿ ಬಂಧಿಸಿದರು. ಸಂಸದೀಯ ಸಮಿತಿಯೊಂದರ ಕಾರ್ಯಕ್ಕಾಗಿ ಅವರು ನಗರಕ್ಕೆ ಬಂದಿದ್ದರು. ಅವರ ಮೇಲಿನ ಆರೋಪವೇನು? ಯಾವುದೂ ಇರಲಿಲ್ಲ.

ಜೇಬುಗಳ್ಳನೊಬ್ಬನು ಸಿಕ್ಕಿಬಿದ್ದರೆ ಅವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನು ವಕೀಲರನ್ನು ಇಟ್ಟುಕೊಳ್ಳಬಹುದು. ಸಂವಿಧಾನದ 22ನೆಯ ವಿಧಿಯು ಕೊಟ್ಟ ಅಭಯವಿದು. ಆದರೆ ಅದೇ ವಿಧಿಯು, ಅಪರಾಧ ಮಾಡಿಯಾನೆಂಬ ಶಂಕೆಯಿಂದ ಹಿಡಿದಿಟ್ಟವನಿಗೆ ಈ ಅಭಯವಿಲ್ಲವೆಂದೂ ಹೇಳುತ್ತದೆ. ಕದ್ದವನಿಗಿರುವ ರಕ್ಷಣೆ ಕದಿಯದವನಿಗಿಲ್ಲ!

ಇದು ಆಂಗ್ಲರು ಬಿಟ್ಟುಹೋದ ಆಸ್ತಿ. 1818ರ ಬಂಗಾಳದ ಮೂರನೆಯ ರೆಗ್ಯುಲೇಷನ್ನಿನ ಬಲದಿಂದಲೇ 1907ರಲ್ಲಿ ಲಾಲಾ ಲಜಪತರಾಯರನ್ನು ವಿಚಾರಣೆಯಿಲ್ಲದೆ ಮಂಡಾಲೆಗೆ ಸಾಗಿಸಲಾಯಿತು. ಇಂಥ ಕಾನೂನಿನ ಕಹಿಯುಂಡ ನಾಯಕರೇ ಸಂವಿಧಾನ ಜಾರಿಗೆ ಬಂದ ಸುಮಾರು ಒಂದು ತಿಂಗಳಿಗೆ, 1950ರ ಫೆಬ್ರವರಿಯಲ್ಲಿ, ಪ್ರತಿಬಂಧಕ ಸ್ಥಾನಬದ್ಧತಾ ಶಾಸನವನ್ನು ತಂದರು. ಒಂದೇ ವರ್ಷಕ್ಕೆಂದು ಬಂದ ಆ ಅತಿಥಿ 1969ರ ಕೊನೆಯವರೆಗೂ ಮನೆ ಬಿಡಲಿಲ್ಲ. 1971ರಲ್ಲಿ ಅದರ ಸ್ಥಾನಕ್ಕೆ ‘ಮೀಸಾ’ ಬಂದಿತು.

ತುರ್ತುಪರಿಸ್ಥಿತಿಯಲ್ಲಿ ಮೀಸಾ ಬಂದಿಗಳಿಗೆ ಬಂಧನದ ಕಾರಣವನ್ನು ತಿಳಿಸುವ ಹಂಗೂ ಸರಕಾರಕ್ಕೆ ಉಳಿಯಲಿಲ್ಲ. ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಸೆಂಟ್ರಲ್ ಜೈಲಿಗೆ ತಳ್ಳಿದರು. ಬರೋಡಾ ಡೈನಮೈಟ್ ಪ್ರಕರಣದ ಶಂಕೆ ಅವರ ಮೇಲಿದ್ದಿತು. ಅದರ ಆರೋಪಪಟ್ಟಿಯಲ್ಲಿ ಮಾತ್ರ ಅವರ ಹೆಸರು ಕೊನೆಗೂ ಸೇರಲಿಲ್ಲ. ಆದರೂ ಮೀಸಾ ಅವರನ್ನು ಒಳಗೇ ಇರಿಸಿತು. ಉಬ್ಬಸದಿಂದ ನರಳುತ್ತಿದ್ದ ಆಕೆ ಸೆರೆಯಲ್ಲಿ ದಿನಚರಿ ಬರೆದರು, ಸಹಬಂದಿಗಳ ಪರವಾಗಿ ವಾದಿಸಿದರು. ದೇಹ ಸೋತ ಮೇಲೆ, 1977ರ ಜನವರಿಯಲ್ಲಿ, ಪೆರೋಲಿನ ಮೇಲೆ ಹೊರಬಿಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಎಂಟು ತಿಂಗಳ ಆ ಸೆರೆವಾಸಕ್ಕೆ ಉತ್ತರ ಹೇಳಬೇಕಾದವರು ಯಾರು?

ಇಂಥವರ ಅಹವಾಲನ್ನು ಕೇಳುವ ಅಧಿಕಾರ ತಮಗಿದೆಯೆಂದು ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಸಾರಿದ್ದವು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ನಾಲ್ವರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಪೊಲೀಸನೊಬ್ಬನು ಸ್ವಂತ ದ್ವೇಷದಿಂದ ಒಬ್ಬನ ಪ್ರಾಣವನ್ನೇ ತೆಗೆದರೂ ಪರಿಹಾರವಿಲ್ಲವೇ ಎಂದು ಕೇಳಿದ್ದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬುದೇ ಸರಕಾರದ ಅಟಾರ್ನಿ ಜನರಲ್ಲರ ಉತ್ತರ. ಭಿನ್ನಮತ ಬರೆದ ಐದನೆಯವರು ಖನ್ನಾ. ಮರುವರ್ಷ ಅವರ ಕಿರಿಯರು ಮುಖ್ಯ ನ್ಯಾಯಾಧೀಶರಾದರು. ಖನ್ನಾ ರಾಜೀನಾಮೆಯಿತ್ತು ಹೊರನಡೆದರು.

ಆ ತೀರ್ಪು ಬಿದ್ದುಹೋದದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಅದು ಗಂಭೀರ ದೋಷದ ತೀರ್ಪೆಂದು ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ತಂದೆಯೇ ಅಂದಿನ ನಾಲ್ವರಲ್ಲಿ ಒಬ್ಬರು.

ಮೀಸಾ ಅಳಿದರೂ 1980ರ ರಾಷ್ಟ್ರೀಯ ಭದ್ರತಾ ಶಾಸನ ಉಳಿದಿದೆ. ಸಲಹಾ ಮಂಡಲಿಯ ಒಪ್ಪಿಗೆಯಿಲ್ಲದೆ ಮೂರು ತಿಂಗಳು ಹಿಡಿದಿಡಬಹುದೆಂಬುದನ್ನು ಎರಡಕ್ಕೆ ಇಳಿಸಲು 1978ರ 44ನೆಯ ತಿದ್ದುಪಡಿಯು ಅವಕಾಶ ಮಾಡಿಕೊಟ್ಟಿತು. ಆ ಭಾಗವನ್ನು ಜಾರಿಗೆ ತರುವ ಪ್ರಕಟಣೆಯನ್ನು ಯಾವ ಪಕ್ಷದ ಸರಕಾರವೂ ಇದುವರೆಗೆ ಹೊರಡಿಸಿಲ್ಲ. 1975ರಲ್ಲಿ ಸೆರೆಮನೆ ಕಂಡು ಬಂದವರ ಸರಕಾರಗಳೂ ಸಹ.